ಕಮಲಾ ಸೋಹೊನಿ: ರಾಮನ್ ಬಾಗಿಲಲ್ಲಿ ಪಟ್ಟು ಹಿಡಿದು ಕುಳಿತ ಯುವತಿ, ನೀರಾದ ಸತ್ವ ತೋರಿಸಿಕೊಟ್ಟ ಮುಂಬೈ ವಿಜ್ಞಾನಿ

ಮುಂಬೈನ ಲೋಕಲ್ ರೈಲು ನಿಲ್ದಾಣಗಳ ಆಸುಪಾಸಿನಲ್ಲಿ ನೀರಾ ಮಾರುವ ಪುಟ್ಟ ಅಂಗಡಿಗಳು ಹೊಸತಲ್ಲ. ಆಫೀಸಿಗೆ ಓಡುವವರು ನಿಂತು ಒಂದು ಲೋಟ ಕುಡಿದು ಮತ್ತೆ ರೈಲು ಹಿಡಿಯುತ್ತಾರೆ. ಬೆಳಗ್ಗೆ ಕುಡಿದರೆ ಎಳನೀರಿಗಿಂತ ಸಿಹಿ. ಅದೇ ರಸವನ್ನು ತಣ್ಣಗಿಡದೆ ಬಿಸಿಲಲ್ಲಿ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ನೊರೆ ಎದ್ದು, ಹುಳಿಯಾಗಿ, ನಶೆ ಏರಿಸುವ ಶೇಂದಿಯಾಗುತ್ತದೆ. ಮರ ಒಂದೇ, ರಸವೂ ಒಂದೇ. ನಡುವೆ ನಡೆಯುವುದು ಕಣ್ಣಿಗೆ ಕಾಣದ ಜೀವಕೋಶಗಳ ಕೆಲಸ.

ಈ ನೀರಾವನ್ನು ಪ್ರಯೋಗಾಲಯಕ್ಕೆ ತಂದು, ಅದರಲ್ಲಿ ಬಡವರ ಹೊಟ್ಟೆಗೆ ಬೇಕಾದ ಸತ್ವ ಏನಿದೆ ಎಂದು ತೋರಿಸಿಕೊಟ್ಟವರು ಜೀವರಸಾಯನ ವಿಜ್ಞಾನಿ ಡಾ. ಕಮಲಾ ಸೋಹೊನಿ. ಅದಕ್ಕೂ ಹತ್ತು ಹನ್ನೆರಡು ವರ್ಷ ಮೊದಲು, ಜೀವಕೋಶಗಳು ಆಮ್ಲಜನಕ ಬಳಸಿ ಶಕ್ತಿ ಪಡೆಯುವ ಬಗೆಯನ್ನು ಅವರು ಇಂಗ್ಲೆಂಡಿನಲ್ಲಿ ಆಲೂಗಡ್ಡೆಯ ಮೇಲೆ ಪ್ರಯೋಗ ಮಾಡಿ ಅಧ್ಯಯನ ಮಾಡಿದ್ದರು. ಅದಕ್ಕೂ ಮೊದಲು, ಹೆಣ್ಣು ಎಂಬ ಒಂದೇ ಕಾರಣಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅವರಿಗೆ ಬಾಗಿಲು ಮುಚ್ಚಿತ್ತು. ಆ ಬಾಗಿಲನ್ನು ತೆರೆಸಿಯೇ ಅವರು ಮುಂದೆ ಹೋದರು.

ರಸಾಯನಶಾಸ್ತ್ರದ ಮನೆ

ಕಮಲಾ ಹುಟ್ಟಿದ್ದು 1911ರ ಜೂನ್ 18ರಂದು, ಇಂದೋರ್‌ನಲ್ಲಿ. ಹುಟ್ಟು ಹೆಸರು ಕಮಲಾ ಭಾಗವತ್. ತಂದೆ ನಾರಾಯಣರಾವ್ ಭಾಗವತ್, ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನ ವಿಜ್ಞಾನಿಗಳು. ಜಮ್‌ಷೆಟ್‌ಜಿ ಟಾಟಾ ಅವರ ಕನಸು ಮತ್ತು ಮೈಸೂರು ಅರಸರು ಕೊಟ್ಟ ಜಮೀನಿನ ಬಲದಿಂದ 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ, ಇಂದಿಗೂ ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಸಂಸ್ಥೆಯಲ್ಲಿ ಓದಿದ ಮೊದಮೊದಲ ವಿದ್ಯಾರ್ಥಿಗಳಲ್ಲಿ ಅವರೂ ಇದ್ದರು.

ಹೀಗಾಗಿ ಆ ಮನೆಯ ಮಕ್ಕಳಿಗೆ ಬೆಂಗಳೂರು ದೂರದ ಊರಾಗಿರಲಿಲ್ಲ. ಮಕ್ಕಳಲ್ಲಿ ಗಂಡು, ಹೆಣ್ಣು ಎಂಬ ಭೇದವೂ ಓದಿನ ವಿಷಯದಲ್ಲಿ ಇರಲಿಲ್ಲ. ಕಮಲಾ ಅವರ ಅಕ್ಕ ದುರ್ಗಾ ಭಾಗವತ್ ಮುಂದೆ ಮರಾಠಿಯ ದೊಡ್ಡ ಲೇಖಕಿಯಾದರು. 1975ರಲ್ಲಿ ಕರಾಡ್‌ನಲ್ಲಿ ನಡೆದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ತುರ್ತು ಪರಿಸ್ಥಿತಿಯನ್ನು ಬಹಿರಂಗವಾಗಿ ವಿರೋಧಿಸಿ ಜೈಲಿಗೂ ಹೋದರು. ಸರಿ ಕಂಡದ್ದಕ್ಕೆ ಪಟ್ಟು ಹಿಡಿಯುವ ಗುಣ ಅಕ್ಕ, ತಂಗಿ ಇಬ್ಬರಲ್ಲೂ ಇತ್ತು.

1933ರಲ್ಲಿ ಕಮಲಾ ಬಾಂಬೆ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಪದವಿ ಪಡೆದರು. ರಸಾಯನಶಾಸ್ತ್ರ ಮುಖ್ಯ ವಿಷಯ, ಭೌತಶಾಸ್ತ್ರ ಉಪ ವಿಷಯ. ಅರ್ಹತಾ ಪಟ್ಟಿಯಲ್ಲಿ ಮೊದಲ ಹೆಸರು ಅವರದ್ದೇ. ಮುಂದಿನ ಸಂಶೋಧನೆಗೆ ಅಪ್ಪ, ಚಿಕ್ಕಪ್ಪ ಓದಿದ ಬೆಂಗಳೂರಿನ ಸಂಸ್ಥೆಗೇ ಅರ್ಜಿ ಹಾಕಿದರು. ಅಷ್ಟು ಒಳ್ಳೆಯ ಅಂಕ ಇರುವವರಿಗೆ ಸೀಟು ಸಿಗದೇ ಇರಲು ಕಾರಣವೇ ಇರಲಿಲ್ಲ.

ಬೆಂಗಳೂರಿನಲ್ಲಿ ಸತ್ಯಾಗ್ರಹ

ಅರ್ಜಿ ತಿರಸ್ಕೃತವಾಯಿತು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸರ್ ಸಿ.ವಿ. ರಾಮನ್. ಅದೇ ವರ್ಷ, 1933ರಲ್ಲಿ, ಆ ಹುದ್ದೆಗೆ ಬಂದ ಮೊದಲ ಭಾರತೀಯ ಅವರು. ಹೆಣ್ಣುಮಕ್ಕಳು ಸಂಶೋಧನೆಗೆ ತಕ್ಕವರಲ್ಲ ಎಂಬುದು ಅವರ ನಿಲುವಾಗಿತ್ತು. ಅಂಕಪಟ್ಟಿಯನ್ನು ನೋಡುವ ಗೋಜಿಗೇ ಅವರು ಹೋಗಲಿಲ್ಲ.

ತಂದೆ ಮತ್ತು ಚಿಕ್ಕಪ್ಪ ಹೋಗಿ ಕೇಳಿಕೊಂಡರೂ ಪ್ರಯೋಜನವಾಗಲಿಲ್ಲ. ಕಮಲಾ ಗಾಂಧೀಜಿಯವರ ವಿಚಾರಗಳನ್ನು ಮೆಚ್ಚಿಕೊಂಡಿದ್ದ ಹುಡುಗಿ. ಬೆಂಗಳೂರಿಗೆ ಬಂದು ನೇರವಾಗಿ ರಾಮನ್ ಅವರ ಕಚೇರಿ ಮುಂದೆ ಸತ್ಯಾಗ್ರಹ ಹೂಡಿದರು. ಸೇರಿಸಿಕೊಳ್ಳದಿರಲು ಕಾರಣ ಕೊಡಿ, ಇಲ್ಲವೇ ಅವಕಾಶ ಕೊಡಿ ಎಂಬುದು ಅವರ ಬೇಡಿಕೆ. ಕೊನೆಗೆ ರಾಮನ್ ಮಣಿದರು. ಆದರೆ ಮೂರು ಷರತ್ತು ಹಾಕಿದರು.

ಒಂದು, ಮೊದಲ ವರ್ಷ ಪೂರ್ತಿ ಪ್ರಾಯೋಗಿಕ ಅವಧಿ. ಎರಡು, ಕೆಲಸದ ಗುಣಮಟ್ಟ ನಿರ್ದೇಶಕರಿಗೆ ಒಪ್ಪಿಗೆಯಾಗುವ ತನಕ ಅದಕ್ಕೆ ಅಧಿಕೃತ ಮಾನ್ಯತೆ ಇಲ್ಲ. ಮೂರು, ಅವರ ಇರುವಿಕೆಯಿಂದ ಗಂಡು ಸಂಶೋಧಕರ ಗಮನ ಕೆಡಬಾರದು. ಮೂರನೆಯ ಷರತ್ತಂತೂ ಯಾವ ಗಂಡು ವಿದ್ಯಾರ್ಥಿಗೂ ಹಾಕುವಂಥದ್ದಲ್ಲ. ಕಮಲಾ ಒಪ್ಪಿಕೊಂಡರು. ಆದರೆ ಆ ಅವಮಾನವನ್ನು ಮರೆಯಲಿಲ್ಲ. ರಾಮನ್ ಮಹಾ ವಿಜ್ಞಾನಿಯೇ ಆದರೂ ಈ ವಿಷಯದಲ್ಲಿ ಅವರ ಮನಸ್ಸು ಸಂಕುಚಿತವಾಗಿತ್ತು, ನೊಬೆಲ್ ಪಡೆದವರೇ ಹೀಗೆ ನಡೆದುಕೊಂಡರೆ ಉಳಿದವರಿಂದ ಏನು ನಿರೀಕ್ಷಿಸುವುದು ಎಂದು ಅವರು ಇಳಿವಯಸ್ಸಿನಲ್ಲೂ ಬಹಿರಂಗವಾಗಿ ಹೇಳಿದ್ದುಂಟು.

ಸಂಸ್ಥೆಯೊಳಗೆ ಅವರಿಗೆ ಸಿಕ್ಕ ಗುರು ಎಂ. ಶ್ರೀನಿವಾಸಯ್ಯ. ಶಿಸ್ತಿನ ಮನುಷ್ಯ, ಆದರೆ ವಿದ್ಯಾರ್ಥಿ ಹೆಣ್ಣೋ ಗಂಡೋ ಎಂದು ನೋಡುವವರಲ್ಲ. ಅವರ ಮಾರ್ಗದರ್ಶನದಲ್ಲಿ ಕಮಲಾ ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನ್‌ಗಳನ್ನು ಬೇರ್ಪಡಿಸಿ ಅಧ್ಯಯನ ಮಾಡಿದರು. ದೇಶದ ಬಹುಪಾಲು ಜನ ಮಾಂಸ, ಮೊಟ್ಟೆ ಕೊಳ್ಳಲಾಗದ ಕಾಲದಲ್ಲಿ ಬೇಳೆಯ ಪ್ರೋಟೀನ್ ಬಗ್ಗೆ ತಿಳಿಯುವುದು ಬರೀ ಪುಸ್ತಕದ ವಿದ್ಯೆಯಾಗಿರಲಿಲ್ಲ.

ಒಂದು ವರ್ಷ ಕಳೆಯುವಷ್ಟರಲ್ಲಿ ರಾಮನ್ ಅವರ ಅಭಿಪ್ರಾಯ ಬದಲಾಯಿತು. 1936ರಲ್ಲಿ ಕಮಲಾ ಈ ಸಂಶೋಧನೆಯನ್ನೇ ಬಾಂಬೆ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿ ವಿಶೇಷ ಶ್ರೇಣಿಯಲ್ಲಿ ಎಂ.ಎಸ್ಸಿ. ಪಡೆದರು. ಅವರ ಕೆಲಸ ಕಂಡ ಮೇಲೆ ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. ಮುಂದೆ ದೇಶದ ಹವಾಮಾನ ವಿಜ್ಞಾನಕ್ಕೆ ದೊಡ್ಡ ಹೆಸರಾದ ಅನ್ನಾ ಮಣಿ 1940ರಲ್ಲಿ ಇದೇ ಸಂಸ್ಥೆಗೆ, ರಾಮನ್ ಅವರ ಪ್ರಯೋಗಾಲಯಕ್ಕೇ ಬಂದು ಸೇರಿದರು.

ಗಾಳಿ ಇಲ್ಲದೆಯೂ ಬದುಕುವ ಕೋಶ

1937ರಲ್ಲಿ ಕಮಲಾ ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಹೋದರು. ನ್ಯೂನ್‌ಹ್ಯಾಮ್ ಕಾಲೇಜಿನಲ್ಲಿ ವಾಸ್ತವ್ಯ, ಸರ್ ಫ್ರೆಡರಿಕ್ ಗೌಲೆಂಡ್ ಹಾಪ್ಕಿನ್ಸ್ ಅವರ ಜೀವರಸಾಯನ ವಿಭಾಗದಲ್ಲಿ ಕೆಲಸ. ಹಾಪ್ಕಿನ್ಸ್ ವಿಟಮಿನ್ ಕುರಿತ ಸಂಶೋಧನೆಗೆ 1929ರಲ್ಲಿ ನೊಬೆಲ್ ಹಂಚಿಕೊಂಡವರು. ಅಂದಿನ ಕಾಲಕ್ಕೆ ಅಪರೂಪವೆನ್ನುವಂತೆ, ಅವರ ವಿಭಾಗದಲ್ಲಿ ಮಹಿಳಾ ವಿಜ್ಞಾನಿಗಳಿಗೆ ಜಾಗವಿತ್ತು. ಬ್ಯಾಕ್ಟೀರಿಯಾಗಳ ಜೀವರಸಾಯನವನ್ನು ಅಧ್ಯಯನ ಮಾಡುತ್ತಿದ್ದ ಮಾರ್ಜರಿ ಸ್ಟೀಫನ್‌ಸನ್ ಅಲ್ಲಿಯವರೇ. 1945ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದ ಮೊದಲ ಇಬ್ಬರು ಮಹಿಳೆಯರಲ್ಲಿ ಅವರೊಬ್ಬರು.

ಆ ಪ್ರಯೋಗಾಲಯದಲ್ಲಿ ಅಂದು ಎಲ್ಲರ ತಲೆ ತಿನ್ನುತ್ತಿದ್ದ ಪ್ರಶ್ನೆ, ಜೀವಕೋಶ ಆಹಾರದಿಂದ ಶಕ್ತಿಯನ್ನು ಹೇಗೆ ಹೊರತೆಗೆಯುತ್ತದೆ ಎಂಬುದು. ಕಮಲಾ ಅವರ ಕೆಲಸದ ಬೆಲೆ ತಿಳಿಯಬೇಕಾದರೆ ಈ ಕಥೆ ಸ್ವಲ್ಪ ಗೊತ್ತಿರಬೇಕು.

ಕೋಶಕ್ಕೆ ಶಕ್ತಿ ಪಡೆಯಲು ಎರಡು ದಾರಿಗಳಿವೆ. ಒಂದು ಹಳೆಯ ದಾರಿ, ಆಮ್ಲಜನಕ ಬೇಡದ ಹುದುಗುವಿಕೆ. ಯೀಸ್ಟ್ ಗಾಳಿಯ ಸಂಪರ್ಕವಿಲ್ಲದೆಯೂ ಬದುಕಿ ಸಕ್ಕರೆಯನ್ನು ಮದ್ಯಸಾರವಾಗಿ ಬದಲಿಸುತ್ತದೆ ಎಂದು 19ನೇ ಶತಮಾನದ ಮಧ್ಯಭಾಗದಲ್ಲಿ ತೋರಿಸಿದವರು ಫ್ರಾನ್ಸಿನ ಲೂಯಿ ಪಾಶ್ಚರ್. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಯೀಸ್ಟನ್ನು ಅರೆದು ಹಿಂಡಿದ, ಜೀವಂತ ಕೋಶವೇ ಇಲ್ಲದ ರಸವೂ ಸಕ್ಕರೆಯನ್ನು ಹುದುಗಿಸುತ್ತದೆ ಎಂದು ಅವರು ಕಂಡುಕೊಂಡರು. ಕೆಲಸ ಮಾಡುವುದು ಕೋಶದೊಳಗಿನ ಕಿಣ್ವಗಳು ಎಂಬುದು ಅಲ್ಲಿಗೆ ಖಚಿತವಾಯಿತು. 1907ರಲ್ಲಿ ಅವರಿಗೆ ನೊಬೆಲ್ ಬಂತು.

ಅದೇ 1907ರಲ್ಲಿ ಹಾಪ್ಕಿನ್ಸ್ ಮತ್ತು ವಾಲ್ಟರ್ ಫ್ಲೆಚರ್ ಕಪ್ಪೆಯ ಸ್ನಾಯುವಿನ ಮೇಲೆ ಪ್ರಯೋಗ ಮಾಡಿದರು. ಆಮ್ಲಜನಕ ಇಲ್ಲದಾಗ ದುಡಿದ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರವಾಗುತ್ತದೆ, ಆಮ್ಲಜನಕ ಕೊಟ್ಟರೆ ಅದು ಕಡಿಮೆಯಾಗುತ್ತದೆ ಎಂದು ತೋರಿಸಿದರು. ಹಾಲನ್ನು ಹುಳಿಯಾಗಿಸಿ ಮೊಸರು ಮಾಡುವ ಬ್ಯಾಕ್ಟೀರಿಯಾ ತಯಾರಿಸುವುದೂ ಇದೇ ಆಮ್ಲವನ್ನು. ಅಂದರೆ ಲೋಕಲ್ ರೈಲು ಹಿಡಿಯಲು ಮೆಟ್ಟಿಲೇರಿ ಓಡುವವರ ಕಾಲಿನಲ್ಲಿ ಮತ್ತು ಅಡುಗೆಮನೆಯ ಮೊಸರಿನ ಪಾತ್ರೆಯಲ್ಲಿ ನಡೆಯುವ ರಸಾಯನ ಕ್ರಿಯೆ ಬಹುಮಟ್ಟಿಗೆ ಒಂದೇ.

ಈ ಕ್ರಿಯೆ ಹೀಗೆ ಸಾಗುತ್ತದೆ. ಕೋಶ ಒಂದು ಗ್ಲೂಕೋಸ್ ಅಣುವನ್ನು ಎರಡು ತುಂಡು ಮಾಡುತ್ತದೆ. ಆಗ ಕೋಶಕ್ಕೆ ಲಾಭವಾಗಿ ಉಳಿಯುವುದು ಶಕ್ತಿಯ ನಾಣ್ಯ ಎನ್ನಬಹುದಾದ ಎಟಿಪಿಯ ಬರೀ 2 ಅಣುಗಳು. ತುಂಡು ಮಾಡುವಾಗ ಬಿಡುಗಡೆಯಾಗುವ ಎಲೆಕ್ಟ್ರಾನ್‌ಗಳನ್ನು ಹೊತ್ತೊಯ್ಯಲು ಕೋಶದಲ್ಲಿ ಕೆಲವೇ ವಾಹಕ ಅಣುಗಳಿವೆ. ಅವು ಹೊರೆ ಇಳಿಸದಿದ್ದರೆ ಮುಂದಿನ ಗ್ಲೂಕೋಸ್ ಒಡೆಯುವುದು ನಿಂತುಹೋಗುತ್ತದೆ. ಆಮ್ಲಜನಕ ಇಲ್ಲದಾಗ ಆ ಹೊರೆಯನ್ನು ಒಡೆದ ಸಕ್ಕರೆಯ ತುಂಡಿನ ಮೇಲೆಯೇ ಹೇರಬೇಕಾಗುತ್ತದೆ. ಹಾಗೆ ಹೇರಿದಾಗ ಯೀಸ್ಟ್‌ನಲ್ಲಿ ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತವೆ, ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಹುಟ್ಟುತ್ತದೆ. ಶೇಂದಿಯ ನಶೆ ಎನ್ನುವುದು ಯೀಸ್ಟ್ ತನ್ನ ಹೊರೆ ಇಳಿಸಿಕೊಂಡ ಗುರುತು.

ಎರಡನೆಯ ದಾರಿ ಆಮ್ಲಜನಕದ್ದು. ಇಲ್ಲಿ ಎಲೆಕ್ಟ್ರಾನ್‌ಗಳು ಹಲವು ಪ್ರೋಟೀನ್‌ಗಳ ಸರಪಳಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತಾ ಸಾಗಿ, ಕೊನೆಯಲ್ಲಿ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಈ ದಾರಿಯಲ್ಲಿ ಒಂದು ಗ್ಲೂಕೋಸ್‌ನಿಂದ ಸುಮಾರು 30 ಎಟಿಪಿ ಸಿಗುತ್ತದೆ. ಹುದುಗುವಿಕೆಗೆ ಹೋಲಿಸಿದರೆ ಹತ್ತಾರು ಪಟ್ಟು ಲಾಭ. ಈ ಸರಪಳಿಯ ಮುಖ್ಯ ಕೊಂಡಿಗಳೇ ಸೈಟೋಕ್ರೋಮ್‌ಗಳು. ಇವುಗಳಿಗೆ ಆ ಹೆಸರು ಕೊಟ್ಟು, ಉಸಿರಾಟದಲ್ಲಿ ಅವುಗಳ ಪಾತ್ರವನ್ನು 1925ರಲ್ಲಿ ತೋರಿಸಿದ ಡೇವಿಡ್ ಕೈಲಿನ್ ಕೂಡ ಕೇಂಬ್ರಿಡ್ಜ್‌ನವರೇ. ಸೈನೈಡ್ ಅಷ್ಟು ಬೇಗ ಪ್ರಾಣ ತೆಗೆಯುವುದಕ್ಕೆ ಕಾರಣವೂ ಇಲ್ಲಿದೆ. ಅದು ಸರಪಳಿಯ ಕೊನೆಯ ಕೊಂಡಿಯನ್ನೇ ಹಿಡಿದು ನಿಲ್ಲಿಸುತ್ತದೆ.

ಆಲೂಗಡ್ಡೆ ಹೇಳಿದ ಉತ್ತರ

ಕೇಂಬ್ರಿಡ್ಜ್‌ನಲ್ಲಿ ಕಮಲಾ ಮೊದಲು ಡೆರೆಕ್ ರಿಕ್ಟರ್ ಅವರ ಜತೆ ಕೆಲಸ ಮಾಡಿದರು. ಅವರು ಬೇರೆಡೆಗೆ ಹೋದ ಮೇಲೆ ರಾಬಿನ್ ಹಿಲ್ ಅವರ ಬಳಿ ಸೇರಿಕೊಂಡರು. ಸಸ್ಯಗಳು ಬೆಳಕಿನಿಂದ ಆಹಾರ ತಯಾರಿಸುವಾಗ ಆಮ್ಲಜನಕ ಬಿಡುಗಡೆಯಾಗುವ ಬಗೆಯ ಅಧ್ಯಯನಕ್ಕೆ ಹಿಲ್ ಅವರ ಹೆಸರು ಇಂದಿಗೂ ಪಠ್ಯಪುಸ್ತಕಗಳಲ್ಲಿದೆ.

ಪ್ರಾಣಿಗಳ ಅಂಗಾಂಶಗಳಲ್ಲಿ ಸೈಟೋಕ್ರೋಮ್ ಸರಪಳಿ ಕೆಲಸ ಮಾಡುವ ಬಗ್ಗೆ ಆಗ ಸಾಕಷ್ಟು ತಿಳಿದಿತ್ತು. ಹೂ ಬಿಡುವ ಗಿಡಗಳ ಉಸಿರಾಟವೂ ಅದೇ ಕಿಣ್ವಗಳಿಂದ ನಡೆಯುತ್ತದೆಯೇ ಎಂಬುದು ಇತ್ಯರ್ಥವಾಗಿರಲಿಲ್ಲ. ಸಸ್ಯದ ರಸ ತೆಗೆಯುವಾಗ ಅದರಲ್ಲಿರುವ ಬೇರೆ ವಸ್ತುಗಳು ಅಡ್ಡ ಬಂದು ಅಳತೆಯನ್ನು ಕೆಡಿಸುತ್ತವೆ. ಕತ್ತರಿಸಿಟ್ಟ ಆಲೂಗಡ್ಡೆ ಕಪ್ಪಾಗುವುದನ್ನು ಕಂಡವರಿಗೆ ಈ ಕಷ್ಟ ಅರ್ಥವಾದೀತು.

ಕಮಲಾ ಆಲೂಗಡ್ಡೆಯನ್ನೇ ಹಿಡಿದುಕೊಂಡರು. ಅದರ ಕೋಶಗಳಲ್ಲೂ ಸೈಟೋಕ್ರೋಮ್ ಸಿ ಮತ್ತು ಅದರಿಂದ ಎಲೆಕ್ಟ್ರಾನ್ ಪಡೆದು ಆಮ್ಲಜನಕಕ್ಕೆ ಒಪ್ಪಿಸುವ ಕಿಣ್ವ ಕೆಲಸ ಮಾಡುತ್ತವೆ ಎಂದು ತೋರಿಸಿದರು. ಹಿಲ್ ಮತ್ತು ಕಮಲಾ ಭಾಗವತ್ ಹೆಸರಿನಲ್ಲಿ ಈ ಕುರಿತ ಟಿಪ್ಪಣಿ 1939ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನುಷ್ಯ, ಯೀಸ್ಟ್, ಆಲೂಗಡ್ಡೆ ಎಲ್ಲರ ಉಸಿರಾಟದ ಮೂಲ ಯಂತ್ರ ಒಂದೇ ಎಂಬ ತಿಳಿವಳಿಕೆಗೆ ಅದು ಬಲ ಕೊಟ್ಟಿತು.

ಗಿಡಕ್ಕೂ ಈ ಎರಡು ದಾರಿಗಳ ವ್ಯತ್ಯಾಸ ಸಾವು ಬದುಕಿನ ಪ್ರಶ್ನೆ. ಗದ್ದೆಯಲ್ಲಿ ನೀರು ನಿಂತು ಆಮ್ಲಜನಕ ಸಿಗದಿದ್ದರೆ ಆಲೂಗಡ್ಡೆ ಹುದುಗುವಿಕೆಯ ದಾರಿಗೆ ಇಳಿದು, ಹೆಚ್ಚು ದಿನ ತಾಳಲಾರದೆ ಕೊಳೆಯುತ್ತದೆ. ಭತ್ತದ ಮೊಳಕೆ ಮಾತ್ರ ನೀರಿನಡಿಯಲ್ಲೂ ಹುದುಗುವಿಕೆಯಿಂದಲೇ ಶಕ್ತಿ ಪಡೆದು ಮೇಲಕ್ಕೆ ಚಿಗುರಬಲ್ಲದು. ಕರಾವಳಿಯ ಮಳೆಗಾಲದ ಗದ್ದೆಗಳಲ್ಲಿ ಭತ್ತ ನಿಲ್ಲುವುದರ ಹಿಂದಿನ ಗುಟ್ಟುಗಳಲ್ಲಿ ಇದೂ ಒಂದು.

ಕಮಲಾ ಅವರ ಪಿಎಚ್.ಡಿ. ಪ್ರಬಂಧ ಸಿದ್ಧವಾಗಲು ಹಿಡಿದದ್ದು 14 ತಿಂಗಳು. ಅದರ ಉದ್ದ ಬರೀ 40 ಪುಟ. 1939ರಲ್ಲಿ ಡಾಕ್ಟರೇಟ್ ಬಂತು. ವಿಜ್ಞಾನ ವಿಷಯದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಗುರುತಿಸಲಾಗುತ್ತದೆ. ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ 1931ರಲ್ಲೇ ಡಿ.ಎಸ್ಸಿ. ಪಡೆದಿದ್ದರು ಎಂಬುದನ್ನೂ ಇಲ್ಲಿ ನೆನೆಯಬೇಕು. ಕೇಂಬ್ರಿಡ್ಜ್ ತಾನೇ ಮಹಿಳೆಯರಿಗೆ ವಿಶ್ವವಿದ್ಯಾಲಯದ ಪೂರ್ಣ ಸದಸ್ಯತ್ವ ಕೊಟ್ಟದ್ದು 1948ರಲ್ಲಿ. ತಾರತಮ್ಯ ಬೆಂಗಳೂರಿಗಷ್ಟೇ ಸೀಮಿತವಾಗಿರಲಿಲ್ಲ.

ತಾಯ್ನಾಡಿಗೆ ವಾಪಸ್

ವಿದೇಶದಲ್ಲಿ ಅವಕಾಶಗಳಿದ್ದರೂ ಕಮಲಾ 1939ರಲ್ಲಿ ದೇಶಕ್ಕೆ ಮರಳಿದರು. ಸ್ವಾತಂತ್ರ್ಯ ಹೋರಾಟದ ಆ ದಿನಗಳಲ್ಲಿ ಕಲಿತ ವಿದ್ಯೆ ಇಲ್ಲಿಯ ಜನಕ್ಕೆ ಸಲ್ಲಬೇಕು ಎಂಬುದು ಅವರ ನಿರ್ಧಾರವಾಗಿತ್ತು. ದೆಹಲಿಯ ಲೇಡಿ ಹಾರ್ಡಿಂಗ್ ವೈದ್ಯಕೀಯ ಕಾಲೇಜಿನಲ್ಲಿ ಹೊಸದಾಗಿ ಆರಂಭವಾದ ಜೀವರಸಾಯನ ವಿಭಾಗದ ಮುಖ್ಯಸ್ಥರಾದರು. ಅಲ್ಲಿಂದ ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣಾ ಸಂಶೋಧನಾ ಪ್ರಯೋಗಾಲಯಕ್ಕೆ ಸಹಾಯಕ ನಿರ್ದೇಶಕಿಯಾಗಿ ಹೋಗಿ ವಿಟಮಿನ್‌ಗಳ ಮೇಲೆ ಕೆಲಸ ಮಾಡಿದರು.

1947ರಲ್ಲಿ ಎಂ.ವಿ. ಸೋಹೊನಿ ಅವರನ್ನು ಮದುವೆಯಾಗಿ ಮುಂಬೈಗೆ ಬಂದರು. ಪತಿ ವೃತ್ತಿಯಲ್ಲಿ ವಿಮಾ ಗಣಿತಜ್ಞ. ಫೋರ್ಟ್ ಪ್ರದೇಶದ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಜೀವರಸಾಯನ ಪ್ರಾಧ್ಯಾಪಕರ ಹುದ್ದೆಗೆ ಅರ್ಜಿ ಕರೆದಾಗ ಅವರು ಆಯ್ಕೆಯಾದರು. ಉಳಿದ ವೃತ್ತಿಜೀವನವೆಲ್ಲ ಕಳೆದದ್ದು ಅಲ್ಲಿಯೇ.

ನೀರಾ ಮತ್ತು ಪಾನನಿಷೇಧ

ಆ ಹೊತ್ತಿನಲ್ಲಿ ಬಾಂಬೆ ಪ್ರಾಂತ್ಯ ಪಾನನಿಷೇಧದತ್ತ ಹೊರಟಿತ್ತು. ಬಾಂಬೆ ಪಾನನಿಷೇಧ ಕಾಯ್ದೆ ಬಂದದ್ದು 1949ರಲ್ಲಿ. ಕೊಂಕಣ ಕರಾವಳಿಯಲ್ಲಿ ತಲೆಮಾರುಗಳಿಂದ ತೆಂಗು, ತಾಳೆ, ಈಚಲು ಮರದಿಂದ ರಸ ಇಳಿಸಿ ಬದುಕುತ್ತಿದ್ದ ಭಂಡಾರಿ ಸಮುದಾಯದವರ ಹೊಟ್ಟೆಪಾಡಿಗೆ ಇದು ದೊಡ್ಡ ಪೆಟ್ಟು. ತುಳುನಾಡಿನ ಮೂರ್ತೆದಾರರ ಕೆಲಸವೂ ಇದೇ ಬಗೆಯದು. ಶೇಂದಿ ಬಿಟ್ಟು ನೀರಾ ಮತ್ತು ತಾಳೆ ಬೆಲ್ಲ ತಯಾರಿಸಿದರೆ ಮರ ಹತ್ತುವವರ ಬದುಕೂ ಉಳಿಯುತ್ತದೆ ಎಂಬುದು ಗಾಂಧೀಜಿಯವರ ವಿಚಾರವಾಗಿತ್ತು.

ಆದರೆ ನೀರಾ ಮತ್ತು ಶೇಂದಿಯ ನಡುವಿನ ಗೆರೆ ತೀರಾ ತೆಳು. ಹೊಂಬಾಳೆ ಕೊಯ್ದಾಗ ಒಸರುವ ರಸದಲ್ಲಿ ಶೇಕಡಾ ಹತ್ತಕ್ಕೂ ಹೆಚ್ಚು ಸಕ್ಕರೆ ಇರುತ್ತದೆ. ಗಾಳಿಯಲ್ಲಿ, ಮಡಕೆಯ ಗೋಡೆಯಲ್ಲಿ, ಕೀಟಗಳ ಕಾಲಿನಲ್ಲಿ ಇರುವ ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗೆ ಇದಕ್ಕಿಂತ ಒಳ್ಳೆಯ ಊಟ ಸಿಗದು. ಮೊದಲು ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ ರಸವನ್ನು ಹುಳಿಯಾಗಿಸುತ್ತವೆ. ನಂತರ ಯೀಸ್ಟ್ ಮದ್ಯಸಾರ ತಯಾರಿಸುತ್ತದೆ, ನೊರೆ ಏಳುತ್ತದೆ. ಇನ್ನೂ ಬಿಟ್ಟರೆ ಗಾಳಿಯ ಸಂಪರ್ಕದಲ್ಲಿ ಬೇರೆ ಬ್ಯಾಕ್ಟೀರಿಯಾ ಬಂದು ಮದ್ಯಸಾರವನ್ನು ವಿನೆಗರ್ ಮಾಡುತ್ತವೆ. ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಸನ್ನದ ಹಿಟ್ಟು ಉಬ್ಬಿಸಲು ಶೇಂದಿ ಬಳಸುವುದು ಈ ಯೀಸ್ಟ್‌ನ ಬಲದಿಂದ. ಮಾಟುಂಗಾದ ಉಡುಪಿ ಹೋಟೆಲಿನ ಇಡ್ಲಿ ಹಿಟ್ಟು ಶೇಂದಿ ಇಲ್ಲದೆಯೂ ರಾತ್ರಿ ಕಳೆಯುವಷ್ಟರಲ್ಲಿ ಉಬ್ಬುವುದು ಉದ್ದು, ಅಕ್ಕಿಯಲ್ಲೇ ಇರುವ ಬ್ಯಾಕ್ಟೀರಿಯಾಗಳಿಂದ.

ರಸ ಇಳಿಸುವವರಿಗೆ ಈ ವಿಜ್ಞಾನದ ಹೆಸರುಗಳು ಗೊತ್ತಿರಲಿಲ್ಲ, ಉಪಾಯ ಗೊತ್ತಿತ್ತು. ಮಡಕೆಯ ಒಳಗೆ ಸುಣ್ಣ ಬಳಿದರೆ ರಸ ಕ್ಷಾರವಾಗಿ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ. ರಾತ್ರಿಯ ತಂಪಿನಲ್ಲಿ ಇಳಿದ ರಸವನ್ನು ಸೂರ್ಯ ಏರುವ ಮುನ್ನ ಇಳಿಸಿಕೊಂಡರೆ ಸಿಹಿ ಉಳಿಯುತ್ತದೆ. ಕಾನೂನು ಕೂಡ ನೀರಾ ಎಂದರೆ ಹುದುಗದಂತೆ ಮಡಕೆಯನ್ನು ಸಿದ್ಧಪಡಿಸಿ ಸಂಗ್ರಹಿಸಿದ ರಸ ಎಂದೇ ಬೇರ್ಪಡಿಸಿತು.

ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದ್ ಅವರ ಸಲಹೆಯಂತೆ ಕಮಲಾ ನೀರಾದ ಪೌಷ್ಟಿಕತೆಯ ಅಧ್ಯಯನ ಕೈಗೆತ್ತಿಕೊಂಡರು. ಅವರು ಮತ್ತು ವಿದ್ಯಾರ್ಥಿಗಳು ವರ್ಷಗಟ್ಟಲೆ ಇದರ ಮೇಲೆ ದುಡಿದರು. ನೀರಾದಲ್ಲಿ ಸಕ್ಕರೆಯ ಜತೆಗೆ ಗಮನಾರ್ಹ ಪ್ರಮಾಣದ ಎ ಮತ್ತು ಸಿ ಜೀವಸತ್ವ ಹಾಗೂ ಕಬ್ಬಿಣದ ಅಂಶ ಇದೆ ಎಂದು ಅವರ ತಂಡ ಗುರುತಿಸಿತು. ರಸವನ್ನು ಕಾಯಿಸಿ ಬೆಲ್ಲ ಮಾಡಿದ ಮೇಲೂ ಈ ಅಂಶಗಳು ಉಳಿಯುತ್ತವೆ ಎಂಬುದನ್ನೂ ಅವರು ವರದಿ ಮಾಡಿದರು.

ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಬುಡಕಟ್ಟು ಸಮುದಾಯದ ಹದಿಹರೆಯದವರು ಮತ್ತು ಗರ್ಭಿಣಿಯರ ಊಟದಲ್ಲಿ ನೀರಾ ಸೇರಿಸಿದಾಗ ಅವರ ಆರೋಗ್ಯ ಸುಧಾರಿಸಿತು ಎಂಬುದು ಈ ಅಧ್ಯಯನಗಳ ಫಲಿತಾಂಶ. ದುಬಾರಿ ಔಷಧಕ್ಕಿಂತ ಮೊದಲು ಊರಲ್ಲೇ ಸಿಗುವ ಆಹಾರವನ್ನು ನೋಡಬೇಕು ಎಂಬುದು ಕಮಲಾ ಅವರ ದಾರಿ. ಈ ಕೆಲಸಕ್ಕೆ ಅವರಿಗೆ ರಾಷ್ಟ್ರಪತಿ ಪ್ರಶಸ್ತಿ ಬಂತು.

ಅವರೆಕಾಳಿನ ಒಳಗುಟ್ಟು

ಬೆಂಗಳೂರಿನಲ್ಲಿ ಶುರುವಾದ ಬೇಳೆಕಾಳಿನ ನಂಟು ಮುಂಬೈನಲ್ಲೂ ಮುಂದುವರಿಯಿತು. 1950ರ ಮತ್ತು 1960ರ ದಶಕಗಳಲ್ಲಿ ಅವರ ಪ್ರಯೋಗಾಲಯದಿಂದ ಭಾರತೀಯ ಆಹಾರ ಪದಾರ್ಥಗಳ ಕುರಿತು ಸಾಲುಸಾಲು ಪ್ರಬಂಧಗಳು ಬಂದವು. ಅದರಲ್ಲಿ ಕನ್ನಡಿಗರ ನೆಚ್ಚಿನ ಅವರೆಯೂ ಇತ್ತು.

ಹಸಿ ಕಾಳುಗಳಲ್ಲಿ ನಮ್ಮ ಕರುಳಿನ ಟ್ರಿಪ್ಸಿನ್ ಎಂಬ ಕಿಣ್ವದ ಕೆಲಸಕ್ಕೆ ಅಡ್ಡಿ ಮಾಡುವ ಪ್ರೋಟೀನ್‌ಗಳಿರುತ್ತವೆ. ಟ್ರಿಪ್ಸಿನ್ ಕೆಲಸ ಮಾಡದಿದ್ದರೆ ತಿಂದ ಪ್ರೋಟೀನ್ ಜೀರ್ಣವಾಗುವುದಿಲ್ಲ. ರಕ್ತದ ಕೆಂಪು ಕಣಗಳನ್ನು ಅಂಟಿಸಿ ಗುಂಪುಗೂಡಿಸುವ ಇನ್ನೊಂದು ಬಗೆಯ ಪ್ರೋಟೀನ್ ಕೂಡ ಅವರೆಯಲ್ಲಿದೆ. ಇವೆರಡನ್ನೂ ಅವರ ತಂಡ ಅಧ್ಯಯನ ಮಾಡಿತು. ಚೆನ್ನಾಗಿ ಬೇಯಿಸಿದರೆ ಇಂಥ ಪ್ರೋಟೀನ್‌ಗಳು ಬಹುಪಾಲು ಶಕ್ತಿ ಕಳೆದುಕೊಳ್ಳುತ್ತವೆ. ಕಾಳನ್ನು ನೆನೆಸಿ ಬೇಯಿಸಿಯೇ ತಿನ್ನಬೇಕು ಎಂಬ ಅಡುಗೆಮನೆಯ ಹಳೆಯ ಪಾಠಕ್ಕೆ ಹೀಗೆ ಅಂಕಿಅಂಶದ ಆಧಾರ ಸಿಕ್ಕಿತು.

ಆರೇ ಹಾಲಿನ ಸಲಹೆಗಾರ್ತಿ

ಗೋರೆಗಾಂವ್‌ನ ಆರೇ ಹಾಲಿನ ಕಾಲೊನಿ ಸ್ಥಾಪನೆಯಾದದ್ದು 1949ರಲ್ಲಿ. 1951ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅದನ್ನು ಉದ್ಘಾಟಿಸಿದರು. ನಗರದೊಳಗಿನ ಎಮ್ಮೆ ಕೊಟ್ಟಿಗೆಗಳನ್ನು ಉಪನಗರಕ್ಕೆ ಸಾಗಿಸಿ, ಮುಂಬೈಗೆ ಶುದ್ಧ ಹಾಲು ಕೊಡುವುದು ಉದ್ದೇಶ. ಈ ಯೋಜನೆಗೆ ಹಾಲಿನ ಗುಣಮಟ್ಟ ಸುಧಾರಿಸುವ ವಿಷಯದಲ್ಲಿ ಕಮಲಾ ಸಲಹೆ ನೀಡಿದರು.

ಹಾಲು ಕೆಡುವುದೂ ಹುದುಗುವಿಕೆಯ ಕಥೆಯೇ. ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡಿದಾಗ ಹಾಲು ಒಡೆಯುತ್ತದೆ. ಮನೆಯಲ್ಲಿ ಹೆಪ್ಪು ಹಾಕಿದರೆ ಅದು ಮೊಸರು, ಸಾಗಣೆಯ ಕ್ಯಾನಿನಲ್ಲಿ ತಾನಾಗಿ ನಡೆದರೆ ಅದು ನಷ್ಟ. ಸೆಕೆಯ ಊರಿನಲ್ಲಿ ಲಕ್ಷಾಂತರ ಮನೆಗಳಿಗೆ ಹಾಲು ತಲುಪಿಸುವವರಿಗೆ ಜೀವರಸಾಯನ ತಜ್ಞರ ಮಾತು ಬೇಕಾಗಿತ್ತು.

ನಾಲ್ಕು ವರ್ಷ ತಡವಾದ ಕುರ್ಚಿ

ಇಷ್ಟೆಲ್ಲ ಸಾಧಿಸಿದ ಮೇಲೂ ಹಳೆಯ ಅಡ್ಡಗೋಡೆ ಮತ್ತೆ ಎದುರಾಯಿತು. ಮುಂಬೈನ ವಿಜ್ಞಾನ ಸಂಸ್ಥೆಯ ನಿರ್ದೇಶಕ ಹುದ್ದೆಗೆ ಅವರೇ ಅರ್ಹರಾಗಿದ್ದರೂ ಒಳರಾಜಕೀಯ ಮತ್ತು ಲಿಂಗ ತಾರತಮ್ಯದಿಂದ ನಾಲ್ಕು ವರ್ಷ ಅದು ಅವರ ಕೈಗೆ ಬರಲಿಲ್ಲ. ಯುವತಿಯಾಗಿದ್ದಾಗ ಬಾಗಿಲ ಮುಂದೆ ಕುಳಿತು ಪ್ರಶ್ನಿಸಿದ್ದ ಅವರು ಈ ಬಾರಿ ಪಾಠ, ಪ್ರಯೋಗ ನಿಲ್ಲಿಸದೆ ಕಾದರು.

ಕೊನೆಗೆ ನಿರ್ದೇಶಕರಾಗಿ ನೇಮಕಗೊಂಡಾಗ ಅವರ ಕೇಂಬ್ರಿಡ್ಜ್ ದಿನಗಳ ಮಾರ್ಗದರ್ಶಿ ಡೆರೆಕ್ ರಿಕ್ಟರ್ ಮೆಚ್ಚುಗೆ ಸೂಚಿಸಿದರು. ಅಷ್ಟು ದೊಡ್ಡ ವಿಜ್ಞಾನ ಸಂಸ್ಥೆಯೊಂದರ ನಿರ್ದೇಶಕಿಯಾದ ಮೊದಲ ಮಹಿಳೆಯಾಗಿ ಕಮಲಾ ಇತಿಹಾಸ ನಿರ್ಮಿಸಿದ್ದಾರೆ ಎಂಬುದು ಅವರ ಅಭಿಪ್ರಾಯವಾಗಿತ್ತು.

ಗ್ರಾಹಕರ ಪರ ಹೋರಾಟ

ನಿವೃತ್ತಿಯ ನಂತರವೂ ಅವರು ಸುಮ್ಮನೆ ಕೂರಲಿಲ್ಲ. 1966ರಲ್ಲಿ ಮುಂಬೈನ ಒಂಬತ್ತು ಮಹಿಳೆಯರು ಸೇರಿ ಕಟ್ಟಿದ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾ ಸಂಸ್ಥೆಯಲ್ಲಿ ಸಕ್ರಿಯರಾದರು. ಎಣ್ಣೆ, ಹಾಲು, ಮಸಾಲೆ ಪುಡಿಗಳ ಕಲಬೆರಕೆಯಿಂದ ಬೇಸತ್ತ ಗೃಹಿಣಿಯರ ಪರವಾಗಿ ಕೆಲಸ ಮಾಡುತ್ತಿದ್ದ ಸಂಸ್ಥೆ ಅದು. ಕಮಲಾ 1982-83ರಲ್ಲಿ ಅದರ ಅಧ್ಯಕ್ಷರಾಗಿದ್ದರು. ಸಂಸ್ಥೆಯ ಕೀಮತ್ ಪತ್ರಿಕೆಗೆ ಗ್ರಾಹಕರ ಸುರಕ್ಷತೆ ಕುರಿತು ಲೇಖನಗಳನ್ನು ಬರೆದರು. ನೇಚರ್ ಪತ್ರಿಕೆಯಲ್ಲಿ ಹೆಸರು ಕಂಡವರು ಅಡುಗೆಮನೆಯ ಓದುಗರಿಗಾಗಿ ಸರಳವಾಗಿ ಬರೆಯುವುದನ್ನು ಕಡಿಮೆ ಕೆಲಸ ಎಂದುಕೊಳ್ಳಲಿಲ್ಲ.

ತಡವಾಗಿ ಬಂದ ಗೌರವ

ದೇಶದ ವಿಜ್ಞಾನ ವಲಯ ಅವರನ್ನು ಬಹುಕಾಲ ಮರೆತೇ ಬಿಟ್ಟಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ಮಹಿಳಾ ಮಹಾನಿರ್ದೇಶಕಿ ಡಾ. ಜಿ.ವಿ. ಸತ್ಯವತಿ ಅವರಿಗೆ ಕಮಲಾ ಅವರ ಸಾಧನೆ ತಿಳಿದಾಗ, ದೆಹಲಿಗೆ ಆಹ್ವಾನಿಸಿ ಸನ್ಮಾನಿಸುವ ಏರ್ಪಾಡಾಯಿತು. ಎಂಬತ್ತು ದಾಟಿದ ವಿಜ್ಞಾನಿ ಆ ಸಮಾರಂಭದಲ್ಲೇ ಕುಸಿದು ಬಿದ್ದರು. 1998ರಲ್ಲಿ ಕೊನೆಯುಸಿರೆಳೆದರು. 2023ರ ಜೂನ್ 18ರಂದು, ಅವರ 112ನೇ ಜನ್ಮದಿನಕ್ಕೆ, ಗೂಗಲ್ ತನ್ನ ಮುಖಪುಟದ ಡೂಡಲ್‌ನಲ್ಲಿ ಅವರ ಚಿತ್ರ ಹಾಕಿದಾಗ ಬಹಳಷ್ಟು ಭಾರತೀಯರು ಆ ಹೆಸರನ್ನು ಮೊದಲ ಬಾರಿಗೆ ಕೇಳಿದರು.

ಅವರು ಅಧ್ಯಯನ ಮಾಡಿದ ವಿಷಯಗಳು ಮಾತ್ರ ಹಳತಾಗಿಲ್ಲ. ನೀರಾ ಇಳಿಸಲು ಅನುಮತಿ ಕೊಡಿ ಎಂದು ಕರ್ನಾಟಕದ ತೆಂಗು ಬೆಳೆಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ಅಬಕಾರಿ ಇಲಾಖೆಯ ಆತಂಕ ಅಂದಿಗೂ ಇಂದಿಗೂ ಒಂದೇ, ನೀರಾ ಹೆಸರಿನಲ್ಲಿ ಶೇಂದಿ ಮಾರಾಟವಾದೀತು ಎಂಬುದು. ಇದಕ್ಕೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಒಂದು ಪರಿಹಾರ ರೂಪಿಸಿದೆ. ಹೊಂಬಾಳೆಗೆ ಮಂಜುಗಡ್ಡೆ ಇಟ್ಟ ಪೆಟ್ಟಿಗೆ ಕಟ್ಟಿ, ರಸ ಇಳಿಯುವಾಗಲೇ ತಣ್ಣಗಿರಿಸುವ ವಿಧಾನ ಅದು. ಹಾಗೆ ಸಂಗ್ರಹಿಸಿದ ರಸಕ್ಕೆ ಕಲ್ಪರಸ ಎಂದು ಹೆಸರು.

ಮೊದಲು ಮಡಕೆಯೊಳಗೆ ಸುಣ್ಣ ಮಾಡುತ್ತಿದ್ದ ಕೆಲಸವನ್ನು ಈಗ ಮಂಜುಗಡ್ಡೆ ಮಾಡುತ್ತಿದೆ. ಉದ್ದೇಶ ಒಂದೇ, ಮರದ ಸಕ್ಕರೆ ಯೀಸ್ಟ್‌ನ ಪಾಲಾಗುವ ಮೊದಲು ಮನುಷ್ಯರ ಪಾಲಾಗಬೇಕು. ಕಮಲಾ ಸೋಹೊನಿ ಏಳು ದಶಕಗಳ ಹಿಂದೆ ಮುಂಬೈನ ಪ್ರಯೋಗಾಲಯದಲ್ಲಿ ಲೆಕ್ಕ ಹಾಕಿದ್ದೂ ಆ ಪಾಲನ್ನೇ.